ಹಠ ಹಿಡಿದು ಮೂಸಿದ್ದು ಮರ್ತೋಯ್ತು, ಗಮನಿಸ್ದೇ ಇದ್ದ ವಾಸನೆ 25 ವರ್ಷ ಉಳಿದಿದೆ. ಇದ್ಯಾಕೆ ಹೀಗೆ?

ನಿದ್ದೆಗೆಟ್ಟವಳು:

ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಮಗಳಿಗೆ ಈಗ ನಾಲ್ಕು ವರ್ಷ. ಹುಟ್ಟಿದ ಹೊಸದರಲ್ಲಿ ಅವಳ ನೆತ್ತಿಗೆ ಒಂದು ವಾಸನೆ ಇತ್ತು, ಎಳೆಮಕ್ಕಳನ್ನ ಎತ್ತಾಡಿಸಿದವರಿಗೆಲ್ಲ ಗೊತ್ತಿರತ್ತೆ, ಅದನ್ನ ಜನ್ಮದಲ್ಲಿ ಮರೀಬಾರ್ದು ಅಂತ ಹಠ ಹಿಡಿದು ಮೂಸ್ತಿದ್ದೆ. ತಮಾಷೆಗಲ್ಲ, ದಿನಾ ರಾತ್ರಿ ಅವಳು ಮಲಗಿದ ಮೇಲೆ ಕಣ್ಮುಚ್ಕೊಂಡು ನೆತ್ತಿ ಹತ್ರ ಮೂಗಿಟ್ಟು, ಪರೀಕ್ಷೆ ಹಿಂದಿನ ದಿನ ಉರು ಹೊಡೀತಾರಲ್ಲ ಹಾಗೆ, ನೆನಪಿಟ್ಕೋ ನೆನಪಿಟ್ಕೋ ಅಂತ. ಮೂರು ತಿಂಗಳಾದ್ರೂ ಮಾಡಿರ್ತೀನಿ. ಈಗ ಕೂತು ನೆನಪು ಮಾಡ್ಕೊಳೋಕೆ ಹೋದ್ರೆ ಸೊನ್ನೆ. ಮೂಸ್ತಾ ಇದ್ದದ್ದು ನೆನಪಿದೆ, ಕೆನ್ನೆಗೆ ತಾಗ್ತಿದ್ದ ಕೂದಲು ನೆನಪಿದೆ, ವಾಸನೆ ಮಾತ್ರ ಇಲ್ಲ. ಹಾಲು ಹಾಲು ಥರ ಇತ್ತು ಅಂತ ಬಾಯಲ್ಲಿ ಹೇಳ್ಬೋದು, ಆದ್ರೆ ಅದು ಬರೀ ಮಾತು, ಮೂಗಲ್ಲಿ ಏನೂ ಇಲ್ಲ.

ಇನ್ನೊಂದು ಕಡೆ ನೋಡಿ. ಹೋದ ವಾರ ನಮ್ಮ ಕಟ್ಟಡದ ಮೆಟ್ಟಿಲ ಕಂಬಿಗೆ ಎನಾಮಲ್ ಪೇಂಟ್ ಹೊಡೀತಿದ್ರು. ಕೆಳಗಿಂದ ಹತ್ತುತಾ ಎರಡನೇ ಮಹಡಿ ತಿರುವಲ್ಲಿ ಗಕ್ಕನೆ ನಿಂತ್ಬಿಟ್ಟೆ, ಮಂಡಿ ಸೋತ ಹಾಗಾಯ್ತು. ಒಂಬತ್ತು ವರ್ಷದವಳಿದ್ದಾಗ ಅಣ್ಣನಿಗೆ ಆಪರೇಷನ್ ಆಗಿತ್ತು, ಹೊರಗಡೆ ಕಾಯೋ ಕೋಣೇಲಿ ಕೂರಿಸಿದ್ರು, ಕಿಟಕಿಗೆ ಹೊಸದಾಗಿ ಬಣ್ಣ ಹೊಡೆದಿದ್ರು ಅನ್ಸತ್ತೆ. ನನ್ನ ಮೊಣಕೈಗೆ ಹಸಿರು ಮೆತ್ಕೊಂಡಿದ್ದು, ಚಿಕ್ಕಮ್ಮ ಕರ್ಚೀಫಿಗೆ ಉಗುಳು ಹಚ್ಚಿ ಉಜ್ಜಿದ್ದು, ಉಜ್ಜುವಾಗ ಅವಳ ಕೈ ನಡುಗ್ತಿದ್ದದ್ದು, ಎಲ್ಲ ಒಂದೇ ಏಟಿಗೆ ಬಂತು. 25 ವರ್ಷದಲ್ಲಿ ಒಂದು ದಿನಾನೂ ನೆನಪಾಗಿರ್ಲಿಲ್ಲ ಇದು! ಅಣ್ಣ ಚೆನ್ನಾಗೇ ಇದಾನೆ, ಅದು ಬೇರೆ ವಿಷ್ಯ. ಆ ದಿನ ನಾನು ಬಣ್ಣದ ವಾಸನೆ ಕಡೆ ಒಂದು ಕ್ಷಣಾನೂ ಗಮನ ಕೊಟ್ಟಿರ್ಲಿಲ್ಲ.

ಗಮನ ಕೊಟ್ರೆ ನೆನಪು ಗಟ್ಟಿ ಆಗತ್ತೆ ಅಂತಲ್ವಾ ಎಲ್ಲರೂ ಹೇಳೋದು? ಮೂಗಿನ ವಿಷಯದಲ್ಲಿ ಇದು ಉಲ್ಟಾನಾ?

ಗೊಣಗಣ್ಣ:

ಉಲ್ಟಾ ಗಿಲ್ಟಾ ಏನಿಲ್ಲ. ಗಮನ ಹೋಗ್ದೇ ಇದ್ರೆ ವಾಸನೆ ಇದೆ ಅಂತಾನೇ ಗೊತ್ತಾಗಲ್ಲ, ಇನ್ನು ನೆನಪೆಲ್ಲಿಂದ. 2018ರಲ್ಲಿ ಸೋಫಿ ಫಾರ್ಸ್ಟರ್, ಚಾರ್ಲ್ಸ್ ಸ್ಪೆನ್ಸ್ ಅನ್ನೋ ಇಬ್ಬರು ಇದನ್ನ ಪರೀಕ್ಷೆ ಮಾಡಿದ್ರು. ಕಾಫಿ ಘಮ ಇರೋ ಕೋಣೇಲಿ ಜನರನ್ನ ಕೂರಿಸಿ ಕಂಪ್ಯೂಟರಲ್ಲಿ ಅಕ್ಷರ ಹುಡುಕೋ ಕೆಲ್ಸ ಕೊಟ್ರು, ಕೆಲವರಿಗೆ ಸುಲಭದ್ದು, ಕೆಲವರಿಗೆ ಕಷ್ಟದ್ದು. ಕಷ್ಟದ್ದು ಮಾಡಿದವರಿಗೆ ಕಾಫಿ ವಾಸನೆ ಗೊತ್ತಾಗಿದ್ದು ತುಂಬಾ ಕಮ್ಮಿ. ಕೆಲ್ಸ ಮುಗಿದ ಮೇಲೆ, ಇನ್ನೂ ಅದೇ ಕೋಣೇಲಿ ಇರುವಾಗ್ಲೇ, ಏನಾದ್ರೂ ವಾಸನೆ ಇದೆಯಾ ನೋಡಿ ಅಂದ್ರೂ ಹತ್ತಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಮೂಗು ಒಗ್ಗಿ ಹೋಗಿರತ್ತೆ.

ನೀವು ಆ ದಿನ ಬಣ್ಣಕ್ಕೆ ಗಮನ ಕೊಟ್ಟಿಲ್ಲ ಅಂತ ಈಗ ಹೇಗೆ ಹೇಳ್ತೀರಾ ಮೇಡಂ? ಒಂಬತ್ತು ವರ್ಷದ ಮಗು, ಮಾಡೋಕೆ ಕೆಲ್ಸ ಇಲ್ಲ, ಮೊಣಕೈಗೆ ಬಣ್ಣ ಮೆತ್ತಿದೆ. ಮೂಸೇ ಇರ್ತೀರಾ. ಮರ್ತಿದೀರಾ ಅಷ್ಟೆ.

ಲ್ಯಾಬ್‌ಕೋಟು:

ಗೊಣಗಣ್ಣ ಹೇಳಿದ ಪ್ರಯೋಗ ಸರಿ, ಆದ್ರೆ ಅದು ಹೇಳೋದು "ಗೊತ್ತಾಯ್ತಾ" ಅನ್ನೋದರ ಬಗ್ಗೆ. "ಉಳೀತಾ" ಅನ್ನೋದು ಬೇರೆ ಪ್ರಶ್ನೆ, ಇವೆರಡನ್ನೂ ಒಂದೇ ಗಂಟಲ್ಲಿ ಕಟ್ಟಿದ್ರೆ ತಲೆ ಕೆಡತ್ತೆ.

ಮೊದ್ಲು ನೆತ್ತಿ ವಿಷಯ. ನೀವು ಕೇಳ್ತಿರೋದು ವಾಸನೆ ಇಲ್ದೇನೇ ವಾಸನೆ ನೆನಪು ಮಾಡ್ಕೊಳೋದು, ಅದು ಯಾರಿಗೂ ಅಷ್ಟು ಸುಲಭ ಅಲ್ಲ. ಅಮ್ಮನ ಮುಖ ನೆನೆಸ್ಕೊಳ್ಳಿ ಅಂದ್ರೆ ಬರತ್ತೆ, ದನಿ ಬರತ್ತೆ, ವಾಸನೆ ಬರ್ಸಿ ಅಂದ್ರೆ ಹೆಚ್ಚಿನವರಿಗೆ ಒಂದು ಮಸುಕು ಬಿಟ್ರೆ ಏನೂ ಇಲ್ಲ. ವರ್ಷಾನುಗಟ್ಟಲೆ ಅದೇ ಕೆಲ್ಸ ಮಾಡೋ ಸುಗಂಧ ತಯಾರಕರು ಮಾಡ್ತಾರೆ, ಅವರ ಮಿದುಳಿನ ಸ್ಕ್ಯಾನ್‌ಗಳಲ್ಲೂ ಆ ಪಳಗಿದ ಗುರುತು ಕಾಣತ್ತೆ, ಆದ್ರೆ ಅದು ಪಳಗಿದ ವಿದ್ಯೆ. ನಮ್ಮಂಥವರ ಮೂಗಿನ ನೆನಪು ಕರೆದ್ರೆ ಬರೋದಲ್ಲ, ಎದುರಿಗೆ ಬಂದ್ರೆ ಗುರುತು ಹಿಡಿಯೋದು. 1973ರಲ್ಲಿ ಎಂಗೆನ್ ಮತ್ತು ರಾಸ್ ಮಾಡಿದ ಹಳೇ ಕೆಲ್ಸ ಇದೆ, ವಾಸನೆಗಳನ್ನ ಮೂಸಿಸಿ ಆಮೇಲೆ ಯಾವುದು ಮೂಸಿದ್ದು ಯಾವುದು ಹೊಸದು ಅಂತ ಕೇಳೋದು. ತಕ್ಷಣ ಕೇಳಿದ್ರೂ ಸುಮಾರು 70 ಪರ್ಸೆಂಟ್ ಅಷ್ಟೇ ಸರಿ, ಚಿತ್ರಗಳಾಗಿದ್ರೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಹೇಳ್ತಾರೆ. ಆದ್ರೆ ತಿಂಗಳುಗಳು ಕಳೆದ್ರೂ ವಾಸನೆ ಅಂಕ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು. ಅಂದ್ರೆ ಒಳಗೆ ಹೋಗೋದು ಕಮ್ಮಿ, ಹೋದದ್ದು ಸುಲಭಕ್ಕೆ ಹೊರಗೆ ಬರಲ್ಲ.

ಈಗ ನಿಮ್ಮ ಮಗಳ ತಲೆ ಆ ವಾಸನೆ ಬಿಡ್ತಾನೇ ಇಲ್ಲ. ಬೀಗ ಇದೆ, ಕೀಲಿಕೈ ಪ್ರಪಂಚದಲ್ಲೇ ಇಲ್ಲ. ಮರ್ತಿದೀರಾ ಅನ್ನೋದು ಖಾತ್ರಿ ಇಲ್ಲ, ಪರೀಕ್ಷೆ ಮಾಡೋಕೆ ದಾರಿ ಇಲ್ಲ ಅಷ್ಟೆ.

ಇನ್ನು ಬಣ್ಣ. ಕಣ್ಣಿಂದ ಕಿವಿಯಿಂದ ಬರೋ ಸುದ್ದಿ ಥಾಲಮಸ್ ಅನ್ನೋ ಕಟ್ಟೆ ದಾಟೇ ಮಿದುಳಿನ ಹೊರಪದರಕ್ಕೆ ಹೋಗೋದು. ವಾಸನೆ ಹಾಗಲ್ಲ, ಮೂಗಿನ ಮೇಲಿರೋ ಆಲ್ಫ್ಯಾಕ್ಟರಿ ಬಲ್ಬಿಂದ ನೇರ ಮಿದುಳಲ್ಲಿ ವಾಸನೆಯ ಮೊದಲ ಕೇಂದ್ರವಾದ ಪಿರಿಫಾರ್ಮ್ ಕಾರ್ಟೆಕ್ಸ್‌ಗೆ, ಭಯ ಭಾವನೆ ನೋಡ್ಕೊಳೋ ಅಮಿಗ್ಡಲಾಗೆ ಹೋಗತ್ತೆ, ನೆನಪಿನ ಹಿಪೊಕ್ಯಾಂಪಸ್‌ಗೆ ಅಲ್ಲಿಂದ ಪಕ್ಕದ ಮನೆ ಅಷ್ಟೇ ದೂರ. ಹಾಗಂತ ಗಮನಕ್ಕೆ ಅಲ್ಲಿ ಕೆಲ್ಸಾನೇ ಇಲ್ಲ ಅಂತಲ್ಲ, 2005ರಲ್ಲಿ ಜೆಲಾನೋ, ಸೋಬೆಲ್ ತಂಡ ತೋರಿಸಿದ್ದೇ ಅದು, ಮೂಗಿನ ಕಡೆ ಗಮನ ಕೊಟ್ಟಾಗ ಮತ್ತು ಶಬ್ದದ ಕಡೆ ಕೊಟ್ಟಾಗ ಈ ಮೊದಲ ಕೇಂದ್ರದ ಚಟುವಟಿಕೆನೇ ಬೇರೆ. ಆದ್ರೆ ಅಪ್ಪಣೆ ಕೇಳದೇನೂ ಒಳಗೆ ಬರೋ ದಾರಿ ಇದ್ದೇ ಇದೆ.

ಗೊಣಗಣ್ಣಂಗೆ ಉತ್ತರ ಇಲ್ಲಿದೆ. 1999ರಲ್ಲಿ ಡೆಗೆಲ್ ಮತ್ತು ಕೋಸ್ಟರ್ ಜನರನ್ನ ಬೇರೆ ಬೇರೆ ಕೋಣೇಲಿ ಕೂರಿಸಿ ಏನೋ ಲೆಕ್ಕ ಪತ್ರ ಮಾಡಿಸಿದ್ರು, ಒಂದರಲ್ಲಿ ತೆಳ್ಳಗೆ ಮಲ್ಲಿಗೆ, ಒಂದರಲ್ಲಿ ಲ್ಯಾವೆಂಡರ್, ಒಂದರಲ್ಲಿ ಏನೂ ಇಲ್ಲ, ವಾಸನೆ ವಿಷ್ಯಾನೇ ಎತ್ತಲಿಲ್ಲ. ಆಮೇಲೆ ಕೋಣೆಗಳ ಫೋಟೋ ತೋರಿಸಿ ಯಾವ ವಾಸನೆ ಯಾವ ಕೋಣೆಗೆ ಹೊಂದತ್ತೆ ಅಂತ ಕೇಳಿದ್ರೆ, ತಾವು ಕೂತಿದ್ದ ಕೋಣೆಗೆ ಅಲ್ಲಿದ್ದ ವಾಸನೆನೇ ಹೊಂದತ್ತೆ ಅಂದ್ರು. ಮಜಾ ಏನಂದ್ರೆ ಹೀಗಂದವರು ಆ ವಾಸನೆಗೆ ಹೆಸರು ಹೇಳೋಕೆ ಬರದೇ ಇದ್ದವರು. ಓ ಇದು ಲ್ಯಾವೆಂಡರ್ ಅಂತ ಗೊತ್ತಿದ್ದವರಲ್ಲಿ ಈ ನಂಟು ಕಾಣ್ಲಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಕ್ರಿಯಾಪದ ಮೊದಲಿಂದ್ಲೂ ಇದೆ ನೋಡಿ. ಮೂಸೋದು ನಾವು ಮಾಡೋ ಕೆಲ್ಸ, ವಾಸನೆ "ಬರೋದು" ಅದಾಗೇ ಆಗೋದು. ನೆತ್ತಿ ಮೂಸಿದ್ರಿ. ಬಣ್ಣದ ವಾಸನೆ ಬಂತು.

ನಿದ್ದೆಗೆಟ್ಟವಳು:

ಕೀಲಿಕೈ ಇಲ್ಲ ಅಂದಿದ್ದು ಓದಿ ಸ್ವಲ್ಪ ಅಳು ಬಂತು, ಸ್ವಲ್ಪ ಸಮಾಧಾನಾನೂ ಆಯ್ತು. ಆದ್ರೂ ಒಂದು ಡೌಟು. ಅಷ್ಟು ದಿನ ಮೂಸಿದ್ದಕ್ಕೆ ಏನೂ ಬೆಲೆ ಇಲ್ವಾ ಹಾಗಾದ್ರೆ? ಬಣ್ಣ ಒಂದೇ ದಿನ, ನೆತ್ತಿ ತೊಂಬತ್ತು ದಿನ.

ಲ್ಯಾಬ್‌ಕೋಟು:

ತೊಂಬತ್ತು ದಿನ ಅನ್ನೋದೇ ತೊಂದರೆ ಇರ್ಬೋದು. ದಿನಾ ಅದೇ ಹೊತ್ತು, ಅದೇ ಮಂಚ, ಅದೇ ವಾಸನೆ, ಅದು ಯಾವ ಒಂದು ರಾತ್ರಿಗೂ ಅಂಟ್ಕೊಳಲ್ಲ. ವಾಸನೆಗೆ ಮೊದಲ ನಂಟಿನ ಮೇಲೆ ವಿಪರೀತ ಮೋಹ. 2009ರಲ್ಲಿ ಯೆಶುರುನ್ ಮತ್ತು ಸೋಬೆಲ್ ತಂಡ ತೋರಿಸಿದ ಪ್ರಕಾರ ಒಂದು ವಸ್ತುವಿನ ಜೊತೆ ಮೊದಲ ಸಲ ಜೋಡಿಸಿದ ವಾಸನೆಗೆ ಹಿಪೊಕ್ಯಾಂಪಸ್‌ನಲ್ಲಿ ಬೇರೆಯದೇ ಗುರುತು ಬೀಳತ್ತೆ, ಎರಡನೇ ಸಲದ್ದಕ್ಕೆ ಹಾಗಿಲ್ಲ, ಶಬ್ದಕ್ಕಂತೂ ಮೊದಲನೇದಕ್ಕೂ ಆಗ್ಲಿಲ್ಲ. ನಿಮ್ಮ ಎನಾಮಲ್ ಪೇಂಟು ಮೊದಲು ಸಿಕ್ಕಿದ್ದೇ ಆ ಕೋಣೇಲಿ ಇರ್ಬೇಕು, ಆ ದಿನ ನಿಮ್ಮ ಭಯ ಪೂರ್ತಿ ಅಣ್ಣನ ಮೇಲಿತ್ತು. ಗಮನ ವಾಸನೆ ಮೇಲೆ ಇರ್ಲಿಲ್ಲ, ಆದ್ರೆ ಗಮನ ಇತ್ತು, ಒಂಬತ್ತು ವರ್ಷದ ಮಗುವಿಗೆ ಇರ್ಬೋದಾದಷ್ಟೂ. ವಾಸನೆ ಅದರ ಬೆನ್ನಿಗೆ ಜೋತು ಬಿದ್ದು ಒಳಗೆ ಹೋಯ್ತು ಅಂತ ನನ್ನ ಊಹೆ.

ಮೂಗಿಲ್ಲದ ಮುನಿ:

ನಾನು ಹೇಳ್ಲೇಬೇಕು, ಯಾಕಂದ್ರೆ ಎಂಟು ತಿಂಗಳು ವಾಸನೆ ಇಲ್ದೇ ಬದುಕಿದವನು ನಾನು. ಕೋವಿಡ್ ಬಂದು ಹೋದ ಮೇಲೆ ಎಲ್ಲ ಬಂದ್. ವಾಸನೆ ತರಬೇತಿ ಮಾಡಿ ಅಂದ್ರು, 2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಶುರು ಮಾಡಿದ್ದು ಅದು, ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ನಾಲ್ಕೇ ವಾಸನೆ, ಬೆಳಗ್ಗೆ ಸಾಯಂಕಾಲ ಒಂದೊಂದನ್ನೂ ಹತ್ತು ಸೆಕೆಂಡು ಮೂಸೋದು, 12 ವಾರ. ನಾಲ್ಕು ಪುಟ್ಟ ಗಾಜಿನ ಬಾಟಲಿ ತಗೊಂಡು ಹತ್ತಿ ಉಂಡೆ ಮೇಲೆ ಎಣ್ಣೆ ಬಿಟ್ಟು ಇಟ್ಕೊಂಡಿದ್ದೆ.

ಮೊದಲ ಐದು ವಾರ ಏನು ಮಾಡ್ದೆ ಗೊತ್ತಾ, ಎಡಗೈಲಿ ಬಾಟಲಿ ಬಲಗೈಲಿ ಫೋನು. ಮೂಸೋದು ಸ್ಕ್ರೋಲ್ ಮಾಡೋದು, ಮೂಸೋದು ಸ್ಕ್ರೋಲ್ ಮಾಡೋದು. ಏನೂ ಬರ್ಲಿಲ್ಲ, ಬಂದಿದ್ರೂ ಗೊತ್ತಾಗ್ತಿರ್ಲಿಲ್ಲ ಅನ್ಸತ್ತೆ ಈಗ. ಒಂದಿನ ಚಾರ್ಜ್ ಇಲ್ದೇ ಫೋನು ಆಫ್ ಆಗಿತ್ತು, ಸುಮ್ನೆ ಲವಂಗದ ಬಾಟಲಿ ಹಿಡ್ಕೊಂಡು ಕೂತಿದ್ದೆ, ಕೊನೆಗೆ ಒಂದು ಚೂರು, ವಾಸನೆ ಅಂತ ಹೇಳೋಕಾಗಲ್ಲ, ಮೂಗಿನ ಮೇಲ್ಗಡೆ ಒಂದು ಬಿಸಿ ಗೆರೆ ಎಳೆದ ಹಾಗೆ. ಅಲ್ಲಿಂದ ಫೋನು ಬೇರೆ ಕೋಣೇಲಿ. ಒಂದೊಂದು ಸಲಕ್ಕೂ ಲವಂಗ ಹೇಗಿತ್ತು ಅಂತ ಮೊದ್ಲು ನೆನಪು ಮಾಡ್ಕೊಳೋದು, ಬರಲ್ಲ, ಆದ್ರೂ ಅದರ ಆಕಾರ ನೆನೆಸ್ಕೊಂಡು ಹಲ್ಲಲ್ಲಿ ಕಚ್ಚಿದಾಗಿನ ಜೋಮು ನೆನೆಸ್ಕೊಂಡು ಆಮೇಲೆ ಮೂಸೋದು. ಗಮನದಿಂದ್ಲೇ ವಾಪಸ್ ಬಂತು ಅಂತ ಹೇಳಲ್ಲ, ನರ ತಾನೇ ಬೆಳೀತಿರತ್ತೆ, ಆ ಹೊತ್ತಿಗೆ ಹೇಗಿದ್ರೂ ಬರ್ತಿತ್ತೇನೋ. ಆದ್ರೆ ಬಂದದ್ದನ್ನ ಹಿಡಿದಿದ್ದು ಗಮನಾನೇ.

ಇನ್ನೊಂದು ವಿಚಿತ್ರ ಹೇಳ್ತೀನಿ. ಈಗ ಮುಕ್ಕಾಲು ಪಾಲು ವಾಪಸ್ ಬಂದಿದೆ, ಆದ್ರೆ ಲವಂಗ ಮೂಸಿದ್ರೆ ನಂಗೆ ಅಡುಗೆಮನೆ ನೆನಪಾಗಲ್ಲ, ಹಲ್ಲುನೋವು ನೆನಪಾಗಲ್ಲ. ಆ ಬಾಟಲಿ, ಆ ಕಿಟಕಿ, ಆ ಸತ್ತ ಫೋನು, ಅಷ್ಟೇ ಬರೋದು. ಮೊದಲ ನಂಟು ಅಂದ್ರಲ್ಲ, ನಂದು ಎರಡನೇ ಸಲ ಮೊದಲಾದ ಮೂಗು, ಹಳೇ ಖಾತೆ ಕ್ಲೋಸ್ ಮಾಡಿ ಹೊಸ ಖಾತೆ ತೆಗೆದ ಹಾಗೆ.

ಗೊಣಗಣ್ಣ:

ಇದು ಚೆನ್ನಾಗಿದೆ. ಸರಿ, ಅರ್ಧ ಒಪ್ಪಿದೆ.

ಪದಚಪಲ:

ಹೆಸರು ಹೇಳೋಕೆ ಬರದವರಿಗೇ ನಂಟು ಉಳೀತು ಅನ್ನೋ ಮಾತು ನಂಗೆ ಹಿಡಿಸ್ತು, ಅದಕ್ಕೆ ಜೋಡಿ ಒಂದು ಇದೆ. ಸ್ವೀಡನ್ನಿನ ವಿಲಾಂಡರ್ ಮತ್ತು ಲಾರ್ಸನ್ ವಯಸ್ಸಾದವರಿಗೆ ವಾಸನೆ ಮೂಸಿಸಿ ಏನು ನೆನಪಾಗತ್ತೆ ಅಂತ ಕೇಳಿದಾರೆ. ಪದ ಕೊಟ್ಟು ಕೇಳಿದ್ರೆ ಹೆಚ್ಚಿನ ನೆನಪು ಹರೆಯದ ಕಾಲದ್ದು, ವಾಸನೆ ಕೊಟ್ಟು ಕೇಳಿದ್ರೆ ಹತ್ತು ವರ್ಷಕ್ಕಿಂತ ಮುಂಚಿನದು. 2007ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಾಸನೆ ಜೊತೆ ಅದರ ಹೆಸರನ್ನೂ ಹೇಳಿ ನೋಡಿದ್ರು, ಬಾಲ್ಯದ ಆ ಗುಡ್ಡೆ ತಗ್ಗಿ ನೆನಪುಗಳು ಹರೆಯದ ಕಡೆ ಜಾರಿದ್ವು! ಒಂದೇ ಬಾಟಲಿ, ಚೀಟಿ ಅಂಟಿಸಿದ್ರೆ ಬೇರೆ ವಯಸ್ಸಿಗೆ ಕರ್ಕೊಂಡು ಹೋಗತ್ತೆ. ನಿದ್ದೆಗೆಟ್ಟವಳು ಅವರ ಒಂಬತ್ತು ವರ್ಷ ಸರಿಯಾಗಿ ಆ ಬಾಲ್ಯದ ಗುಡ್ಡೆ ಮೇಲೇ ಕೂತಿದೆ.

ಹೆಸರಿನ ಬಗ್ಗೆ ಇನ್ನೊಂದು. ಮಲೇಷ್ಯಾದ ಕಾಡಲ್ಲಿರೋ ಜಹಾಯ್ ಜನರಿಗೆ ವಾಸನೆಗೇ ಅಂತ ಬೇರೆ ಪದಗಳಿದಾವೆ, ಬಣ್ಣ ಹೇಳಿದಷ್ಟೇ ಸಲೀಸಾಗಿ ವಾಸನೆ ಹೇಳ್ತಾರೆ ಅಂತ ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹುಲ್ಟ್ 2014ರಲ್ಲಿ ತೋರಿಸಿದ್ರು. ಇಂಗ್ಲಿಷ್ ಮಾತಾಡೋರು ಅದೇ ಪರೀಕ್ಷೇಲಿ ಅದರ ಥರ ಇದರ ಥರ ಅಂತ ತಡಕಾಡಿದ್ರು. ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ತೀರಾ ಬಡತನ ಅಲ್ಲ. ಮುಗ್ಗಲು ಅಂದ್ರೆ ಬಟ್ಟೆಗೂ ಆಯ್ತು, ಪುಸ್ತಕಕ್ಕೂ ಆಯ್ತು, ಮುಚ್ಚಿಟ್ಟ ಕೋಣೆಗೂ ಆಯ್ತು, ಯಾವ ವಸ್ತು ಅಂತ ಹೇಳ್ಬೇಕಾಗೇ ಇಲ್ಲ. ಕಮಟು, ಸೊಗಡು, ಗಬ್ಬು, ಕಂಪು, ಘಾಟು ಎಲ್ಲ ಹಾಗೇ. ಪದ ಬಾಯಲ್ಲಿದ್ರೆ ಮೂಗು ಅದನ್ನ ಹುಡುಕತ್ತೆ ಅನ್ನೋದು ನನ್ನ ಅನುಭವ. ಕಮಟು ಅನ್ನೋ ಪದ ಕಲಿತ ಮೇಲೇ ಕಮಟು ವಾಸನೆ ಎಲ್ಲೆಲ್ಲೂ ಬರೋಕೆ ಶುರುವಾಗಿದ್ದು ನಂಗೆ, ಅಜ್ಜಿ ಕೊಟ್ಟ ಶಾಪ ಅದು.

ನಿದ್ದೆಗೆಟ್ಟವಳು:

ಎರಡು ದಿನ ಆದ್ಮೇಲೆ ಬರೀತಿದೀನಿ. ನಿಮ್ಮದೆಲ್ಲ ಓದಿ ತಡೆಯೋಕಾಗದೆ ಅಟ್ಟದ ಮೇಲಿಂದ ಮಗಳ ಮೊದಲ ಬಟ್ಟೆಗಳ ಡಬ್ಬ ಇಳಿಸ್ದೆ. ಒಂದು ಉಣ್ಣೆ ಟೊಪ್ಪಿ ಇತ್ತು, ಒಗೆಯದೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಇಟ್ಟಿದ್ದೆ, ಇದಕ್ಕೇ ಅಂತ. ಬಾಗಿಲು ಹಾಕ್ಕೊಂಡು ಫೋನು ಹೊರಗಿಟ್ಟು (ಮುನಿಗಳ ಅಪ್ಪಣೆ ಪ್ರಕಾರ) ಕಣ್ಮುಚ್ಚಿ ಮೂಸಿದೆ. ಪ್ಲಾಸ್ಟಿಕ್ ವಾಸನೆ. ಒಳಗಡೆ ಮಗಚಿ ಮೂಸಿದೆ, ಹಣೆಗೆ ತಾಗೋ ಪಟ್ಟಿ ಹತ್ರ ಮೂಸಿದೆ, ಉಣ್ಣೆ ಮತ್ತೆ ಪ್ಲಾಸ್ಟಿಕ್, ಅಷ್ಟೇ. ಎಷ್ಟು ಗಮನ ಕೊಟ್ರೂ ಅಷ್ಟೇ. ಇಲ್ಲದ್ದಕ್ಕೆ ಗಮನ ಕೊಟ್ಟು ಏನು ಮಾಡೋದು.

ಸಿಟ್ಟು ಬಂದು ಎಲ್ಲ ವಾಪಸ್ ತುರುಕ್ತಿದ್ದೆ. ಡಬ್ಬದ ತಳದಲ್ಲಿ ಬಿಸಿನೀರಿನ ರಬ್ಬರ್ ಚೀಲ ಇತ್ತು, ಬಾಣಂತನದಲ್ಲಿ ನನ್ನ ಸೊಂಟಕ್ಕೆ ಇಟ್ಕೊಳ್ತಿದ್ದದ್ದು. ಅದನ್ನ ಆಚೆ ಸರಿಸೋಕೆ ಅಂತ ಎತ್ತಿದಾಗ ಮುಚ್ಚಳ ಸಡಿಲ ಆಗಿ ಒಳಗಿನ ಗಾಳಿ ಬುಸ್ ಅಂತ ಮುಖಕ್ಕೆ ಬಂತು. ಹಳೇ ರಬ್ಬರು, ಸ್ವಲ್ಪ ಮುಗ್ಗಲು (ಪದಚಪಲ ಅವರಿಗೆ ನಮಸ್ಕಾರ).

ಡಬ್ಬದ ಪಕ್ಕ ಹಾಗೇ ಕೂತ್ಬಿಟ್ಟೆ. ರಾತ್ರಿ ಮೂರು ಗಂಟೆ. ಬೀದಿ ದೀಪದ ಹಳದಿ ಪಟ್ಟಿ ಗೋಡೆ ಮೇಲೆ. ನನ್ನ ಎಡತೋಳು ಮರಗಟ್ಟಿದೆ, ಆದ್ರೂ ಅಲ್ಲಾಡಿಸ್ತಿಲ್ಲ, ಅಲ್ಲಾಡಿಸಿದ್ರೆ ಅವಳು ಏಳ್ತಾಳೆ. ಅವಳ ಬಾಯಿ ಹಾಲು ಬಿಟ್ಟು ನಿದ್ದೇಲೇ ಚೀಪ್ತಾ ಇದೆ, ಚಪ್ ಚಪ್ ಅಂತ, ಆ ಶಬ್ದಾನ ನಾನು ಪೂರ್ತಿ ಮರ್ತಿದ್ದೆ. ಎಷ್ಟು ಭಾರ ಇದ್ಲು ಅನ್ನೋದೂ ತೋಳಿಗೆ ಬಂತು. ನೆತ್ತಿ ವಾಸನೆ ಮಾತ್ರ ಆಗ್ಲೂ ಬರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ನಾನು ಅಲ್ಲೇ ಬಗ್ಗಿ ಮೂಸ್ತಾ ಇರೋದು ಕಾಣತ್ತೆ, ಮೂಗಿಗೆ ಬರೋದು ರಬ್ಬರು.

ಅಷ್ಟು ತಿಂಗಳು ಆ ಚೀಲ ಸೊಂಟದ ಕೆಳಗೇ ಇತ್ತು, ಅದಕ್ಕೊಂದು ವಾಸನೆ ಇದೆ ಅಂತ ಒಂದಿನಾನೂ ಅನ್ಸಿರ್ಲಿಲ್ಲ.

ಗಂಡ ಬಂದು ಏನಾಯ್ತು ಅಂದ, ನಾನು ಚೀಲ ಅವನ ಮೂಗಿಗೆ ಹಿಡಿದೆ. ಥೂ ಅಂದ. ಅವನಿಗೆ ಏನೂ ಇಲ್ಲ!

ಈಗ ಪ್ರಶ್ನೆ. ಮುಚ್ಚಳ ಬಿಗಿ ಮಾಡಿ ಇಟ್ಟಿದೀನಿ. ಎಷ್ಟು ಸಲ ತೆಗೀಬೋದು? ದಿನಾ ಮೂಸಿದ್ರೆ ಇದೂ ಸವೆದು ಹೋಗತ್ತಾ?

ಲ್ಯಾಬ್‌ಕೋಟು:

ಲೆಕ್ಕ ಹೇಳೋಕಾಗಲ್ಲ. ಒಂದೇ ಸಮ ಮೂಸ್ತಾ ಕೂತ್ರೆ ಮೂಗು ಕೆಲವೇ ನಿಮಿಷದಲ್ಲಿ ಒಗ್ಗತ್ತೆ, ಅದು ಸಣ್ಣ ಸಮಸ್ಯೆ, ಹೊರಗೆ ಹೋಗಿ ಬಂದ್ರೆ ಸರಿ ಹೋಗತ್ತೆ. ದೊಡ್ಡದು ಮುನಿ ಅವರ ಲವಂಗದ ಸಮಸ್ಯೆ. ದಿನಾ ಬೇಕು ಬೇಕು ಅಂತ ತೆಗೆದ್ರೆ ಆ ಚೀಲ "ಡಬ್ಬದ ಪಕ್ಕ ಕೂತು ಮೂಸಿದ್ದು" ಅನ್ನೋ ನೆನಪಿಗೂ ಅಂಟ್ಕೊಳತ್ತೆ. ಮೊದಲ ನಂಟು ಸುಲಭಕ್ಕೆ ಜಾಗ ಬಿಡಲ್ಲ, ಆದ್ರೂ ನಾನಾಗಿದ್ರೆ ಮುಟ್ತಿರ್ಲಿಲ್ಲ. ಅಟ್ಟಕ್ಕೆ ಹಾಕಿ.

ಗೊಣಗಣ್ಣ:

ಅಟ್ಟ ಬಿಸಿ ಇದ್ರೆ ರಬ್ಬರು ಅಂಟಂಟಾಗಿ ಹೋಗತ್ತೆ ಮೇಡಂ. ಬೀರುವಿನ ಕೆಳಗಡೆ ಖಾನೇಲಿ, ಬಟ್ಟೆ ಸುತ್ತಿ ಇಡಿ. ನಾಫ್ತಲಿನ್ ಗುಳಿಗೆ ಮಾತ್ರ ಹತ್ರ ಸೇರಿಸ್ಬೇಡಿ, ಎಲ್ಲ ವಾಸನೆನೂ ನುಂಗಿ ಹಾಕತ್ತೆ.

ನಿದ್ದೆಗೆಟ್ಟವಳು:

ಬೀರುವಿಗೆ ಹಾಕ್ದೆ. ಮಗಳು ನೋಡ್ತಾ ಇದ್ಲು, ಅದ್ಯಾಕೆ ಬಟ್ಟೆ ಸುತ್ತಿದೀಯಾ ಅಂದ್ಲು. ಚೀಲಕ್ಕೆ ಚಳಿ ಅಂದೆ.